ಜಾಗವಿದ್ದರೂ ‘ಜಾಗವಿಲ್ಲ’ ಎನ್ನುವ ಸರ್ವರ್: ತಾತ್ಕಾಲಿಕ ಫೈಲುಗಳ ದೋಷ ಪತ್ತೆ ಮತ್ತು ನಿವಾರಣೆ

ಭತ್ತದ ಕಟಾವು ಮುಗಿದು ಗಂಗಾವತಿ, ಕಾರಟಗಿ, ಸಿಂಧನೂರು ಮಾರುಕಟ್ಟೆಗಳಿಗೆ ಆವಕ ಏರುವ ನವೆಂಬರ್–ಡಿಸೆಂಬರ್ ತಿಂಗಳುಗಳಲ್ಲಿ ದಲಾಲಿ ಅಂಗಡಿಗಳ ಲೆಕ್ಕ ನೋಡುವ ಸರ್ವರ್‌ಗಳ ಮೇಲೂ ಹೊರೆ ಏರುತ್ತದೆ. ಪ್ರತಿಯೊಂದು ವಹಿವಾಟಿಗೂ ತಕ್‌ಪಟ್ಟಿಯ (ರೈತರ ಮಾರಾಟದ ಲೆಕ್ಕ ತೋರಿಸುವ ಚೀಟಿಯ) ಪಿಡಿಎಫ್ ತಯಾರಾಗಬೇಕು, ತೂಕದ ಚೀಟಿಯ ಫೋಟೊ ಅಪ್‌ಲೋಡ್ ಆಗಬೇಕು, ಸಂಜೆಯ ಹೊತ್ತಿಗೆ ದಿನದ ಕಾಗದಪತ್ರಗಳೆಲ್ಲ ಒಂದು ಜಿಪ್ ಆಗಿ ಮಿಲ್ಲಿನವರಿಗೆ ತಲುಪಬೇಕು. ಈ ಮೂರೂ ಕೆಲಸಗಳು ನಡುವೆ ತಾತ್ಕಾಲಿಕ ಫೈಲುಗಳನ್ನು ಸೃಷ್ಟಿಸುತ್ತವೆ, ಮತ್ತು ಆವಕದ ದಿನಗಳಲ್ಲಿ ಬರುವ ದೂರುಗಳಲ್ಲಿ ಹೆಚ್ಚಿನವು ಕೊನೆಗೆ ಈ ಫೈಲುಗಳ ಬಳಿಯೇ ಬಂದು ನಿಲ್ಲುತ್ತವೆ. ಈ ಕೈಪಿಡಿಯು ಅಂಥ ಒಂದು ಲಿನಕ್ಸ್ ಸರ್ವರ್‌ನಲ್ಲಿ ಕಂಡ ದೋಷವನ್ನು ಹಿಡಿದು ಹೊರಟಿದೆಯಾದರೂ, ಇಲ್ಲಿನ ಪತ್ತೆಯ ಕ್ರಮ ಬಳ್ಳಾರಿಯ ಜೀನ್ಸ್ ಘಟಕದ ಬಿಲ್ಲಿಂಗ್‌ಗೂ ರಾಯಚೂರಿನ ಹತ್ತಿ ಖರೀದಿಯ ಲೆಕ್ಕಕ್ಕೂ ಅಷ್ಟೇ ಅನ್ವಯಿಸುತ್ತದೆ. ಕಮಾಂಡ್ ಮತ್ತು ಫಂಕ್ಷನ್‌ಗಳ ಹೆಸರುಗಳನ್ನು ಓದುವ ಧ್ವನಿಯಲ್ಲೇ ಕೊಡಲಾಗಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು.

ಲಕ್ಷಣಗಳು

ಬಳಕೆದಾರರು ಹೇಳುವುದು ಒಂದೇ ಮಾತು: “ಪಟ್ಟಿ ಬರ್ತಿಲ್ಲ.” ಲಾಗ್ ತೆರೆದು ನೋಡಿದರೆ ಮಾತ್ರ ಅದರ ಹಿಂದಿರುವ ಬೇರೆ ಬೇರೆ ದೋಷಗಳು ಕಾಣುತ್ತವೆ. ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂಬ ಸಂದೇಶ, ಅಂದರೆ ದೋಷ ಸಂಖ್ಯೆ 28, ಇದ್ದರೆ ಡಿಸ್ಕ್ ಏನನ್ನೋ ಕೊಡಲು ನಿರಾಕರಿಸಿದೆ ಎಂದರ್ಥ. ‘ಟೂ ಮೆನಿ ಓಪನ್ ಫೈಲ್ಸ್’, ಅಂದರೆ ದೋಷ ಸಂಖ್ಯೆ 24, ಇದ್ದರೆ ಡಿಸ್ಕಿನಲ್ಲಿ ತಪ್ಪಿಲ್ಲ. ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ತಾನು ತೆರೆದ ಫೈಲುಗಳನ್ನು ಮುಚ್ಚಿಲ್ಲ. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದು ಬಂದರೆ, ಮತ್ತು ಆ ಫೈಲನ್ನು ಸ್ವಲ್ಪ ಹೊತ್ತಿನ ಹಿಂದಷ್ಟೇ ಬರೆಯಲಾಗಿತ್ತು ಎಂದು ಖಚಿತವಾಗಿದ್ದರೆ, ಯಾರೋ ಅದನ್ನು ಅವಧಿಗೆ ಮುನ್ನ ಅಳಿಸಿದ್ದಾರೆ, ಇಲ್ಲವೇ ಕೋಡ್ ಬೇರೆ ಜಾಗದಲ್ಲಿ ಹುಡುಕುತ್ತಿದೆ. ಯಾವ ಸಂದೇಶವೂ ಇಲ್ಲದೆ ಶೂನ್ಯ ಬೈಟಿನ ಪಿಡಿಎಫ್ ಕೈಗೆ ಸಿಕ್ಕರೆ, ಬರೆಯುವ ಕೆಲಸ ಸೋತಿದ್ದನ್ನು ಕೋಡ್ ಗಮನಿಸಿಲ್ಲ. ಒಬ್ಬ ರೈತರ ತಕ್‌ಪಟ್ಟಿ ಇನ್ನೊಬ್ಬರ ಮೊಬೈಲಿಗೆ ಹೋಯಿತು ಎಂಬ ದೂರು ಬಂದರೆ ಉಳಿದೆಲ್ಲವನ್ನೂ ಬದಿಗಿಟ್ಟು ಅದನ್ನು ಮೊದಲು ನೋಡಬೇಕು.

ದೋಷ ಸಂಖ್ಯೆ 28 ಕಂಡ ಕೂಡಲೇ ಲಿನಕ್ಸ್‌ನ ತಾತ್ಕಾಲಿಕ ಫೈಲುಗಳ ಡೈರೆಕ್ಟರಿಯಾದ ‘/ಟಿಎಂಪಿ’ಯೊಳಗೆ ಹೋಗಿ ಎಲ್ಲವನ್ನೂ ಅಳಿಸುವುದು ರೂಢಿ. ಆವಕದ ಮಧ್ಯಾಹ್ನ, ಫೋನ್ ಮೇಲೆ ಫೋನ್ ಬರುತ್ತಿರುವಾಗ ಹಾಗೆ ಮಾಡುವವರನ್ನು ದೂರಲಾಗದು. ಆದರೆ ಅಳಿಸಿದ ಫೈಲುಗಳ ಹೆಸರು, ಗಾತ್ರ, ಮಾಲೀಕ ಮತ್ತು ಸಮಯಗಳೇ ದೋಷದ ಸಾಕ್ಷ್ಯ. ಅವು ಹೋದರೆ ಅದೇ ದೋಷ ಮತ್ತೆ ಬರುವವರೆಗೆ ಕಾಯುವುದನ್ನು ಬಿಟ್ಟು ಬೇರೆ ದಾರಿಯಿರುವುದಿಲ್ಲ. ಅಳಿಸಲೇಬೇಕಾದ ತುರ್ತಿದ್ದರೆ, ಫೈಂಡ್ ಕಮಾಂಡ್‌ನಿಂದ ಹೆಸರು, ಗಾತ್ರ, ಮಾಲೀಕ, ಸಮಯಗಳ ಪಟ್ಟಿಯೊಂದನ್ನು ಬೇರೆ ಪಾರ್ಟಿಷನ್‌ಗೆ ಬರೆದಿಟ್ಟು ನಂತರ ಅಳಿಸಬೇಕು.

ಮೊದಲ ಪರೀಕ್ಷೆ: ಯಾವುದು ಮುಗಿದಿದೆ

ಡಿಎಫ್ ಕಮಾಂಡ್ ಅನ್ನು ‘-ಎಚ್’ ಆಯ್ಕೆಯೊಂದಿಗೆ ಓಡಿಸಿದರೆ ಬೈಟುಗಳ ಲೆಕ್ಕ ಸಿಗುತ್ತದೆ. ನಮ್ಮ ಉದಾಹರಣೆಯ ಸರ್ವರ್‌ನಲ್ಲಿ ಅದು ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿಯಿದೆ ಎಂದು ತೋರಿಸುತ್ತಿತ್ತು. ಹಾಗಿದ್ದೂ ಅಪ್ಲಿಕೇಷನ್‌ಗೆ ಒಂದು ಹೊಸ ಫೈಲನ್ನೂ ಸೃಷ್ಟಿಸಲಾಗುತ್ತಿರಲಿಲ್ಲ. ಅದೇ ಕಮಾಂಡನ್ನು ‘-ಐ’ ಆಯ್ಕೆಯೊಂದಿಗೆ ಓಡಿಸಿದಾಗ ಬಳಕೆಯ ಅಂಕಣದಲ್ಲಿ 100 ಪ್ರತಿಶತ ಎಂದಿತ್ತು. ಮುಗಿದದ್ದು ಜಾಗವಲ್ಲ, ಐನೋಡ್‌ಗಳು.

ಐನೋಡ್ ಎಂದರೆ ಫೈಲಿನ ವಿವರಗಳನ್ನು ಫೈಲ್ ವ್ಯವಸ್ಥೆ ಬರೆದಿಡುವ ದಾಖಲೆ. ಪ್ರತಿ ಫೈಲಿಗೂ ಪ್ರತಿ ಡೈರೆಕ್ಟರಿಗೂ ಒಂದು ಐನೋಡ್ ಬೇಕು, ಫೈಲಿನ ಗಾತ್ರ ಶೂನ್ಯವಾಗಿದ್ದರೂ ಸರಿ. ಗೋದಾಮಿನಲ್ಲಿ ಎಷ್ಟೇ ಜಾಗವಿರಲಿ, ಆವಕದ ರಿಜಿಸ್ಟರ್‌ನಲ್ಲಿ ಸಾಲುಗಳು ಮುಗಿದರೆ ಹಮಾಲರು ಮುಂದಿನ ಚೀಲ ಇಳಿಸುವಂತಿಲ್ಲ. ಐನೋಡ್ ಮುಗಿದ ಡಿಸ್ಕಿನ ಸ್ಥಿತಿಯೂ ಅಂಥದೇ. ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡುವಾಗಲೇ ಐನೋಡ್‌ಗಳ ಸಂಖ್ಯೆ ನಿಗದಿಯಾಗುತ್ತದೆ, ಮತ್ತು ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಪ್ರತಿ 16,384 ಬೈಟಿಗೆ ಒಂದರಂತೆ ಅವು ಸಿಗುತ್ತವೆ. ಈ ಲೆಕ್ಕದಲ್ಲಿ 10 ಜಿಬಿ ಪಾರ್ಟಿಷನ್‌ಗೆ ಸುಮಾರು 6.5 ಲಕ್ಷ ಐನೋಡ್‌ಗಳು. ಅಂದರೆ ಸರಾಸರಿ 16 ಕೆಬಿಗಿಂತ ಚಿಕ್ಕ ಫೈಲುಗಳನ್ನೇ ತುಂಬುತ್ತ ಹೋದರೆ ಜಾಗಕ್ಕಿಂತ ಮೊದಲು ಐನೋಡ್ ಮುಗಿಯುತ್ತದೆ. ಎಕ್ಸ್‌ಎಫ್‌ಎಸ್ ವ್ಯವಸ್ಥೆ ಐನೋಡ್‌ಗಳನ್ನು ಬೇಕಾದಂತೆ ಹಂಚಿಕೊಳ್ಳುವುದರಿಂದ ಅಲ್ಲಿ ಈ ತೊಂದರೆ ವಿರಳ.

ಬೈಟುಗಳೇ ಮುಗಿದಿದ್ದರೆ ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಇಎಕ್ಸ್‌ಟಿ4 ಸಾಮಾನ್ಯವಾಗಿ 5 ಪ್ರತಿಶತ ಜಾಗವನ್ನು ರೂಟ್ ಬಳಕೆದಾರನಿಗೆ ಮೀಸಲಿಡುತ್ತದೆ. ಆದ್ದರಿಂದ ರೂಟ್ ಆಗಿ ಲಾಗಿನ್ ಆದವರು “ನನಗೆ ಬರೆಯಲು ಆಗುತ್ತಿದೆಯಲ್ಲ” ಎನ್ನುವುದೂ, ಅದೇ ಹೊತ್ತಿನಲ್ಲಿ ವೆಬ್ ಸರ್ವರ್‌ನ ಬಳಕೆದಾರನಿಗೆ ಬರೆಯಲು ಆಗದಿರುವುದೂ ಏಕಕಾಲಕ್ಕೆ ನಿಜವಾಗಿರಬಹುದು. ಪರೀಕ್ಷೆಯನ್ನು ಯಾವಾಗಲೂ ಅಪ್ಲಿಕೇಷನ್ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತದೆಯೋ ಆ ಹೆಸರಿನಲ್ಲೇ ಮಾಡಬೇಕು.

ಡಿಎಫ್ ತುಂಬಿದೆ ಎನ್ನುತ್ತದೆ, ಡಿಯು ಕಮಾಂಡ್‌ನಿಂದ ಕೂಡಿಸಿ ನೋಡಿದರೆ ಅಷ್ಟು ಫೈಲುಗಳೇ ಇಲ್ಲ ಎಂಬ ಸ್ಥಿತಿಯೂ ಉಂಟು. ಅಳಿಸಿದ ಫೈಲನ್ನು ಯಾವುದೋ ಪ್ರೊಸೆಸ್ ಇನ್ನೂ ತೆರೆದಿಟ್ಟುಕೊಂಡಿದ್ದರೆ ಹೀಗಾಗುತ್ತದೆ: ಹೆಸರು ಡೈರೆಕ್ಟರಿಯಿಂದ ಹೋಗಿರುತ್ತದೆ, ಜಾಗ ಮಾತ್ರ ಬಿಡುಗಡೆಯಾಗಿರುವುದಿಲ್ಲ. ಎಲ್‌ಎಸ್‌ಒಎಫ್ ಕಮಾಂಡನ್ನು ‘+ಎಲ್1’ ಆಯ್ಕೆಯೊಂದಿಗೆ ಓಡಿಸಿದರೆ ಇಂಥ ಫೈಲುಗಳೂ ಅವನ್ನು ಹಿಡಿದಿರುವ ಪ್ರೊಸೆಸ್‌ಗಳೂ ಸಾಲಾಗಿ ಕಾಣುತ್ತವೆ. ಆ ಪ್ರೊಸೆಸ್ ಅನ್ನು ಮರುಚಾಲನೆ ಮಾಡಿದರೆ ಜಾಗ ಮರಳುತ್ತದೆ. ಸಂಜೆಯ ಜಿಪ್ ತಯಾರಿಸುವ ಹಿನ್ನೆಲೆ ಕೆಲಸಗಾರ ಪ್ರೊಸೆಸ್‌ಗಳಲ್ಲಿ ಇದು ಹೆಚ್ಚು, ಏಕೆಂದರೆ ಅವು ದಿನಗಟ್ಟಲೆ ನಿಲ್ಲದೆ ಓಡುತ್ತಿರುತ್ತವೆ.

ಫೈಲುಗಳು ಯಾರವು

ಐನೋಡ್ ಮುಗಿದಿರುವುದು ಖಚಿತವಾದ ಮೇಲೆ ಅವು ಎಲ್ಲಿ ಸೇರಿಕೊಂಡಿವೆ ಎಂದು ಹುಡುಕಬೇಕು. ಡಿಯು ಕಮಾಂಡ್‌ಗೆ ‘--ಐನೋಡ್ಸ್’ ಮತ್ತು ‘-ಎಕ್ಸ್’ ಆಯ್ಕೆಗಳನ್ನು ಕೊಟ್ಟು, ಬಂದ ಸಾಲುಗಳನ್ನು ಸಂಖ್ಯೆಯ ಕ್ರಮದಲ್ಲಿ ಸಾರ್ಟ್ ಮಾಡಿದರೆ ಹೆಚ್ಚು ಫೈಲುಗಳಿರುವ ಡೈರೆಕ್ಟರಿ ಕೊನೆಯ ಸಾಲುಗಳಲ್ಲಿ ಬಂದು ನಿಲ್ಲುತ್ತದೆ. ನಮ್ಮ ಸರ್ವರ್‌ನಲ್ಲಿ ಅದು ‘/ಟಿಎಂಪಿ’ ಆಗಿರಲಿಲ್ಲ. ಅಪ್ಲಿಕೇಷನ್‌ನ ಒಳಗೇ ಮಾಡಿಟ್ಟುಕೊಂಡಿದ್ದ ‘ಟೆಂಪ್’ ಎಂಬ ಡೈರೆಕ್ಟರಿಯಾಗಿತ್ತು. ಆಪರೇಟಿಂಗ್ ಸಿಸ್ಟಂನ ಯಾವ ಶುಚಿಗೊಳಿಸುವ ವ್ಯವಸ್ಥೆಗೂ ಇಂಥ ಡೈರೆಕ್ಟರಿಯ ಅಸ್ತಿತ್ವ ಗೊತ್ತಿರುವುದಿಲ್ಲ, ಆದ್ದರಿಂದ ಅಲ್ಲಿ ಬಿದ್ದದ್ದು ಅಲ್ಲಿಯೇ ಉಳಿಯುತ್ತದೆ.

ಇಷ್ಟು ದೊಡ್ಡ ಡೈರೆಕ್ಟರಿಯಲ್ಲಿ ಎಲ್‌ಎಸ್ ಎಂದು ಬರೆದರೆ ಪರದೆ ಬಹಳ ಹೊತ್ತು ಸುಮ್ಮನಿರುತ್ತದೆ, ಏಕೆಂದರೆ ಅದು ಎಲ್ಲ ಹೆಸರುಗಳನ್ನೂ ಓದಿ, ವಿಂಗಡಿಸಿ ಆಮೇಲೆ ಮುದ್ರಿಸುತ್ತದೆ. ವಿಂಗಡಣೆ ಬೇಡವೆಂದು ಹೇಳುವ ‘-ಎಫ್’ ಆಯ್ಕೆ ಕೊಟ್ಟು ಮೊದಲ ಐವತ್ತು ಹೆಸರುಗಳನ್ನಷ್ಟೇ ನೋಡಿದರೆ ಸಾಕು. ನೋಡಿದಾಗ ಎಲ್ಲ ಹೆಸರುಗಳೂ ‘ಪಟ್ಟಿ’ ಎಂಬ ಪದದಿಂದ ಆರಂಭವಾಗಿ ಆರು ಅಡ್ಡಾದಿಡ್ಡಿ ಅಕ್ಷರಗಳಿಂದ ಮುಗಿಯುತ್ತಿದ್ದವು. ಯಾವುದಕ್ಕೂ ಪಿಡಿಎಫ್ ಎಂಬ ವಿಸ್ತರಣೆ ಇರಲಿಲ್ಲ. ಎಲ್ಲದರ ಗಾತ್ರವೂ ಶೂನ್ಯ. ಎಲ್ಲವೂ ವೆಬ್ ಸರ್ವರ್ ಬಳಕೆದಾರನವು. ಈ ನಾಲ್ಕು ಸಂಗತಿಗಳು ಕೋಡಿನ ಒಂದು ಸಾಲಿನತ್ತ ನೇರವಾಗಿ ಬೆರಳು ತೋರಿಸುತ್ತವೆ.

ಕೋಡ್ ಪಿಎಚ್‌ಪಿಯಲ್ಲಿತ್ತು. ಬರೆದವರಿಗೆ ಪಿಡಿಎಫ್ ವಿಸ್ತರಣೆಯುಳ್ಳ ತಾತ್ಕಾಲಿಕ ಹೆಸರು ಬೇಕಾಗಿತ್ತು. ಅವರು ‘ಟೆಂಪ್‌ನ್ಯಾಮ್’ ಫಂಕ್ಷನ್ ಕರೆದು, ಬಂದ ಹೆಸರಿನ ತುದಿಗೆ ‘.ಪಿಡಿಎಫ್’ ಎಂದು ಸೇರಿಸಿ, ಆ ಹೊಸ ಹೆಸರಿನಲ್ಲಿ ತಕ್‌ಪಟ್ಟಿ ಬರೆದು, ಕಳುಹಿಸಿ, ಕೊನೆಗೆ ಅಚ್ಚುಕಟ್ಟಾಗಿ ಅಳಿಸಿಯೂ ಇದ್ದರು. ಓದಿದವರಿಗೆ ಕೋಡಿನಲ್ಲಿ ತಪ್ಪೇ ಕಾಣುವುದಿಲ್ಲ. ಆದರೆ ಆ ಫಂಕ್ಷನ್ ಹೆಸರನ್ನು ಸೂಚಿಸಿ ಸುಮ್ಮನಾಗುವುದಿಲ್ಲ. ಆ ಹೆಸರಿನ ಖಾಲಿ ಫೈಲನ್ನು ಡಿಸ್ಕಿನ ಮೇಲೆ ಸೃಷ್ಟಿಸಿಯೇ ಹೆಸರನ್ನು ಹಿಂದಿರುಗಿಸುತ್ತದೆ. ವಿಸ್ತರಣೆ ಸೇರಿಸಿದ ಹೆಸರು ಎರಡನೆಯ ಫೈಲು. ಅಳಿದದ್ದು ಅದು ಮಾತ್ರ. ಮೊದಲನೆಯದು ಪ್ರತಿ ತಕ್‌ಪಟ್ಟಿಗೆ, ಪ್ರತಿ ಮುನ್ನೋಟಕ್ಕೆ, ಮುದ್ರಣ ಸರಿಯಾಗಲಿಲ್ಲವೆಂದು ಮತ್ತೆ ಒತ್ತಿದ ಪ್ರತಿ ಕ್ಲಿಕ್ಕಿಗೆ ಒಂದರಂತೆ ಉಳಿಯುತ್ತ ಹೋಯಿತು. ಗಾತ್ರ ಶೂನ್ಯವಾದ್ದರಿಂದ ಬೈಟುಗಳ ಲೆಕ್ಕವನ್ನಷ್ಟೇ ನೋಡುವ ಎಚ್ಚರಿಕೆ ವ್ಯವಸ್ಥೆಗೆ ಅದು ಕಾಣಲೇ ಇಲ್ಲ. ಅಷ್ಟೇ ಅಲ್ಲ, ಟೆಂಪ್‌ನ್ಯಾಮ್ ಖಾತ್ರಿಪಡಿಸಿದ್ದ ಅನನ್ಯತೆಯೂ ಎರಡನೆಯ ಹೆಸರಿಗೆ ಅನ್ವಯಿಸುವುದಿಲ್ಲ.

ಇದಕ್ಕೆ ನನಗೆ ಹಿಡಿಸುವ ಪರಿಹಾರವೆಂದರೆ ಫೈಲಿನ ಬದಲು ಡೈರೆಕ್ಟರಿಯನ್ನೇ ತಾತ್ಕಾಲಿಕವಾಗಿಸುವುದು. ಪ್ರತಿ ರಿಕ್ವೆಸ್ಟ್‌ಗೂ ಊಹಿಸಲಾಗದ ಹೆಸರಿನ ಒಂದು ಡೈರೆಕ್ಟರಿಯನ್ನು 0700 ಅನುಮತಿಯೊಂದಿಗೆ (ಮಾಲೀಕನಿಗೆ ಮಾತ್ರ ಪ್ರವೇಶ) ಸೃಷ್ಟಿಸಿ, ಅದರೊಳಗೆ ‘ತಕ್‌ಪಟ್ಟಿ.ಪಿಡಿಎಫ್’ ಎಂಬ ಸರಳ ಹೆಸರನ್ನೇ ಬಳಸಿ, ಕೆಲಸ ಮುಗಿದ ಮೇಲೆ ಇಡೀ ಡೈರೆಕ್ಟರಿಯನ್ನು ಅಳಿಸಿದರೆ ವಿಸ್ತರಣೆಯ ಗೊಂದಲವೇ ಉಳಿಯುವುದಿಲ್ಲ. ಪಿಡಿಎಫ್ ತಯಾರಿಸುವ ಉಪಕರಣ ತನ್ನದೇ ಕಸವನ್ನು ಅಲ್ಲಿ ಹಾಕಿದ್ದರೂ ಅದೂ ಜೊತೆಗೇ ಹೋಗುತ್ತದೆ. ಪೈಥಾನ್‌ನಲ್ಲಿ ‘ಟೆಂಪರರಿ ಡೈರೆಕ್ಟರಿ’ ಕ್ಲಾಸ್, ಗೋ ಭಾಷೆಯಲ್ಲಿ ‘ಎಂಕೆಡಿರ್‌ಟೆಂಪ್’, ನೋಡ್‌ನಲ್ಲಿ ‘ಎಂಕೆಡಿಟೆಂಪ್’ ಇದನ್ನೇ ಮಾಡುತ್ತವೆ. ಪಿಎಚ್‌ಪಿಯಲ್ಲಿ ಇಂಥ ಸಿದ್ಧ ಫಂಕ್ಷನ್ ಇಲ್ಲದಿರುವುದರಿಂದ ‘ರ‍್ಯಾಂಡಮ್ ಬೈಟ್ಸ್’ ಫಂಕ್ಷನ್‌ನಿಂದ ಹೆಸರು ಮಾಡಿ, ‘ಎಂಕೆಡಿರ್’ ಕರೆದು, ಅದು ಸೋತರೆ ಬೇರೆ ಹೆಸರಿನಿಂದ ಮತ್ತೆ ಪ್ರಯತ್ನಿಸಬೇಕು. ಅದೇ ಹೆಸರು ಮೊದಲೇ ಇದ್ದರೆ ಎಂಕೆಡಿರ್ ಸೋಲುತ್ತದೆ ಎಂಬುದೇ ಇಲ್ಲಿ ನಮಗೆ ರಕ್ಷಣೆ.

ನೋಡ್ ಬಳಸುವವರು ಒಂದು ಚಿಕ್ಕ ಬಲೆಯನ್ನು ಗಮನಿಸಬೇಕು. ಎಂಕೆಡಿಟೆಂಪ್ ತನಗೆ ಕೊಟ್ಟ ಪೂರ್ವಪದದ ತುದಿಗೆ ಆರು ಅಕ್ಷರಗಳನ್ನು ಅಂಟಿಸುತ್ತದೆ, ಅಷ್ಟೆ. ‘/ಟಿಎಂಪಿ’ ಎಂದು ಕೊಟ್ಟು ಕೊನೆಯ ಓರೆಗೆರೆಯನ್ನು ಮರೆತರೆ, ಡೈರೆಕ್ಟರಿ ‘/ಟಿಎಂಪಿ’ಯ ಒಳಗಲ್ಲ, ಅದರ ಪಕ್ಕದಲ್ಲಿ ರೂಟ್‌ನಲ್ಲಿ ಹುಟ್ಟಲು ಹೊರಡುತ್ತದೆ, ಸಾಮಾನ್ಯ ಬಳಕೆದಾರನಿಗೆ ಅಲ್ಲಿ ಅನುಮತಿ ಇರದ ಕಾರಣ ದೋಷ ಬರುತ್ತದೆ, ಕಂಟೇನರ್‌ನಲ್ಲಿ ರೂಟ್ ಆಗಿ ಓಡುತ್ತಿದ್ದರೆ ದೋಷವೂ ಬರುವುದಿಲ್ಲ.

ಅಳಿಸುವ ಸಾಲು ಇದ್ದರೂ ಅಳಿಯದಿರುವುದು

ಕೋಡಿನಲ್ಲಿ ಅಳಿಸುವ ಸಾಲಿದೆ, ಆದರೂ ಫೈಲುಗಳು ಉಳಿಯುತ್ತಿವೆ ಎಂದರೆ ಆ ಸಾಲಿನವರೆಗೆ ಪ್ರೊಸೆಸ್ ತಲುಪುತ್ತಿಲ್ಲ. ಫೋಟೊ ಕೆಟ್ಟಿದ್ದರೆ ನಡುವೆಯೇ ಎಕ್ಸೆಪ್ಶನ್ ಬರುತ್ತದೆ. ಇದಕ್ಕೆ ‘ಫೈನಲಿ’ ಬ್ಲಾಕ್ ಸಾಕು. ಆದರೆ ಫೈನಲಿ ಬ್ಲಾಕ್ ಎಲ್ಲ ಸಂದರ್ಭಗಳಲ್ಲೂ ಓಡುತ್ತದೆ ಎಂಬ ನಂಬಿಕೆ ಸರಿಯಲ್ಲ. ಪಿಎಚ್‌ಪಿಯಲ್ಲಿ ಮೆಮೊರಿ ಮಿತಿ ಮೀರಿ ಫೇಟಲ್ ಎರರ್ ಬಂದರೆ ಅಥವಾ ಯಾರಾದರೂ ‘ಎಕ್ಸಿಟ್’ ಕರೆದರೆ ಫೈನಲಿ ಓಡುವುದಿಲ್ಲ; ‘ರಿಜಿಸ್ಟರ್ ಶಟ್‌ಡೌನ್ ಫಂಕ್ಷನ್’ ಮೂಲಕ ನೋಂದಾಯಿಸಿದ ಫಂಕ್ಷನ್ ಆ ಎರಡೂ ಸಂದರ್ಭಗಳಲ್ಲಿ ಓಡುತ್ತದೆ. ಗೋ ಭಾಷೆಯಲ್ಲಿ ‘ಡಿಫರ್’ ಎಂದು ಬರೆದಿಟ್ಟದ್ದು ‘ಓಎಸ್ ಎಕ್ಸಿಟ್’ ಕರೆದಾಗ ಓಡುವುದಿಲ್ಲ, ಮತ್ತು ‘ಲಾಗ್ ಫೇಟಲ್’ ಒಳಗಿನಿಂದ ಅದನ್ನೇ ಕರೆಯುತ್ತದೆ. ಪೈಥಾನ್ ಪ್ರೊಸೆಸ್‌ಗೆ ನಿಲ್ಲಲು ಹೇಳುವ ಸಿಗ್‌ಟರ್ಮ್ ಸಂಕೇತ ಬಂದಾಗ ಅದಕ್ಕೆ ಹ್ಯಾಂಡ್ಲರ್ ಬರೆದಿಲ್ಲದಿದ್ದರೆ ಪ್ರೊಸೆಸ್ ಅಲ್ಲಿಯೇ ಮುಗಿಯುತ್ತದೆ.

ಜಾವಾದ ‘ಡಿಲೀಟ್ ಆನ್ ಎಕ್ಸಿಟ್’ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹೆಸರು ಆಕರ್ಷಕವಾಗಿದೆ, ಆದರೆ ಸರ್ವರ್ ಕೋಡಿನಲ್ಲಿ ಅದನ್ನು ಬಳಸಲೇಬಾರದೆಂದು ನನ್ನ ಅಭಿಪ್ರಾಯ. ಅದು ಅಳಿಸುವುದು ಜಾವಾ ಕೋಡನ್ನು ಓಡಿಸುವ ಜೆವಿಎಂ ಕ್ರಮವಾಗಿ ನಿಲ್ಲುವಾಗ. ಸರ್ವರ್ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಅಲ್ಲಿಯವರೆಗೆ ಫೈಲುಗಳು ಡಿಸ್ಕಿನಲ್ಲಿ ಉಳಿಯುವುದರ ಜೊತೆಗೆ ಅವುಗಳ ಹೆಸರುಗಳ ಪಟ್ಟಿಯೂ ಮೆಮೊರಿಯಲ್ಲಿ ಬೆಳೆಯುತ್ತಲೇ ಹೋಗುತ್ತದೆ. ನಡುವೆ ನಾವೇ ಫೈಲನ್ನು ಅಳಿಸಿದರೂ ಪಟ್ಟಿಯಿಂದ ಹೆಸರು ಹೋಗುವುದಿಲ್ಲ.

ಇನ್ನು ಸಿಗ್‌ಕಿಲ್, ಅಂದರೆ 9ನೇ ಸಂಕೇತ. ಇದನ್ನು ಯಾವ ಪ್ರೊಸೆಸ್ ಕೂಡ ಹಿಡಿಯಲಾರದು. ಮೆಮೊರಿ ಮುಗಿದಾಗ ಕರ್ನಲ್ ಇದನ್ನೇ ಕಳುಹಿಸುತ್ತದೆ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಿರ್ವಹಿಸುವ ಸಿಸ್ಟಂಡಿ ಯಾವುದಾದರೂ ಸರ್ವಿಸ್ ನಿಲ್ಲಿಸುವಾಗ ಮೊದಲು ಸಿಗ್‌ಟರ್ಮ್ ಕಳುಹಿಸಿ, ಸಾಮಾನ್ಯವಾಗಿ 90 ಸೆಕೆಂಡುಗಳೊಳಗೆ ನಿಲ್ಲದಿದ್ದರೆ ಇದನ್ನು ಬಳಸುತ್ತದೆ. ಪೈಥಾನ್ ವೆಬ್ ಸರ್ವರ್ ಆದ ಜಿಯುನಿಕಾರ್ನ್‌ನಲ್ಲಿ ಟೈಮ್‌ಔಟ್ ಬದಲಿಸದೇ ಇದ್ದರೆ 30 ಸೆಕೆಂಡು ಸದ್ದಿಲ್ಲದ ವರ್ಕರ್ ಅನ್ನು ಅದು ಮುಗಿಸಿಬಿಡುತ್ತದೆ. ತೂಕದ ಚೀಟಿಯ ಫೋಟೊಗಳನ್ನು ಚಿಕ್ಕದಾಗಿಸುವ ಇಮೇಜ್‌ಮ್ಯಾಜಿಕ್ ಹೀಗೆ ನಡುವೆ ಸತ್ತರೆ ‘ಮ್ಯಾಜಿಕ್-’ ಎಂದು ಆರಂಭವಾಗುವ ದೊಡ್ಡ ಫೈಲುಗಳು ಉಳಿಯುತ್ತವೆ. ‘ಪಿಎಚ್‌ಪಿ’ ಎಂದು ಆರಂಭವಾಗಿ ಆರು ಅಕ್ಷರಗಳಲ್ಲಿ ಮುಗಿಯುವ ಫೈಲುಗಳು ಅಪ್‌ಲೋಡ್‌ನವು. ಅವನ್ನು ರಿಕ್ವೆಸ್ಟ್ ಮುಗಿದಾಗ ಪಿಎಚ್‌ಪಿ ತಾನೇ ಅಳಿಸುತ್ತದೆ, ಆದ್ದರಿಂದ ಅವು ಉಳಿದಿದ್ದರೆ ವರ್ಕರ್ ಬಲವಂತವಾಗಿ ಸತ್ತಿದೆ ಎಂದೇ ಅರ್ಥ. ಉಳಿದ ಫೈಲಿನ ಸಮಯವನ್ನೂ ಕರ್ನಲ್ ಲಾಗ್‌ನಲ್ಲಿನ ‘ಕಿಲ್ಡ್ ಪ್ರೊಸೆಸ್’ ಸಾಲಿನ ಸಮಯವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಂಬಂಧ ಸ್ಪಷ್ಟವಾಗುತ್ತದೆ. ಅಂಗಡಿಯಲ್ಲೇ ಇಟ್ಟ ಸರ್ವರ್‌ಗಳಲ್ಲಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಸೋತಾಗ ಆಗುವುದೂ ಇದೇ.

ಹೊರಗಿನ ಉಪಕರಣಗಳನ್ನು ಕರೆಯುವಾಗ ‘ಟಿಎಂಪಿಡಿರ್’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ರಿಕ್ವೆಸ್ಟ್‌ನ ತಾತ್ಕಾಲಿಕ ಡೈರೆಕ್ಟರಿಯನ್ನೇ ಕೊಟ್ಟರೆ ಅವುಗಳ ಕಸ ಒಂದೇ ಕಡೆ ಬೀಳುತ್ತದೆ. ಫೈಲಿಗೆ ಹೆಸರೇ ಬೇಕಿಲ್ಲದಿದ್ದರೆ, ಬರೆದು ಮತ್ತೆ ಓದುವುದಷ್ಟೇ ಕೆಲಸವಾಗಿದ್ದರೆ, ಅದಕ್ಕಿಂತ ಒಳ್ಳೆಯ ದಾರಿಯಿದೆ: ತೆರೆದ ಕೂಡಲೇ ಹೆಸರನ್ನು ಅಳಿಸಿಬಿಡುವುದು. ಹಾಗೆ ಮಾಡಿದ ಫೈಲು ಪ್ರೊಸೆಸ್ ಹೇಗೆ ಸತ್ತರೂ ಕರ್ನಲ್‌ನಿಂದಲೇ ಬಿಡುಗಡೆಯಾಗುತ್ತದೆ. ಪೈಥಾನ್‌ನ ‘ಟೆಂಪರರಿ ಫೈಲ್’ ಲಿನಕ್ಸ್‌ನಲ್ಲಿ ಹೆಸರಿಲ್ಲದ ಇಂಥ ಫೈಲನ್ನೇ ಕೊಡುತ್ತದೆ. ಪಿಎಚ್‌ಪಿಯ ‘ಟಿಎಂಪಿಫೈಲ್’ ಹಾಗಲ್ಲ. ಅದು ಮುಚ್ಚುವಾಗ ಅಳಿಸುತ್ತದೆ, ಆದ್ದರಿಂದ ಪ್ರೊಸೆಸ್ ಅನಿರೀಕ್ಷಿತವಾಗಿ ಸತ್ತರೆ ಫೈಲು ಉಳಿಯಬಹುದು.

ದೋಷ ಸಂಖ್ಯೆ 24 ಬಂದಿದ್ದರೆ ಮೊದಲು ಪೈಥಾನ್‌ನ ‘ಎಂಕೆಎಸ್‌ಟೆಂಪ್’ ಕರೆಗಳನ್ನು ಹುಡುಕಬೇಕು. ಅದು ತೆರೆದ ಫೈಲಿನ ಡಿಸ್ಕ್ರಿಪ್ಟರ್ (ತೆರೆದ ಫೈಲನ್ನು ಗುರುತಿಸುವ ಸಂಖ್ಯೆ) ಮತ್ತು ಹೆಸರು ಎರಡನ್ನೂ ಕೊಡುತ್ತದೆ. ಹೆಸರನ್ನು ಮಾತ್ರ ಬಳಸಿ ಡಿಸ್ಕ್ರಿಪ್ಟರ್ ಮುಚ್ಚದೆ ಬಿಟ್ಟರೆ, 1024 ಎಂಬ ಸಾಮಾನ್ಯ ಮಿತಿ ತಲುಪಲು ಆವಕದ ದಿನದಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ಮಿತಿಯನ್ನು ಏರಿಸುವುದು ಪರಿಹಾರವಲ್ಲ, ಮುಂದೂಡಿಕೆ.

ಇದ್ದ ಫೈಲು ಕಾಣೆಯಾಗುವುದು

ಇದು ಮೇಲಿನದಕ್ಕೆ ವಿರುದ್ಧವಾದ ದೋಷ, ಮತ್ತು ಪತ್ತೆ ಹಚ್ಚಲು ಹೆಚ್ಚು ಕಷ್ಟವಾದದ್ದು. ಅದಕ್ಕೆ ಒಂದು ಕಾರಣ ಸದುದ್ದೇಶದಿಂದ ಹಾಕಿದ ಕ್ರಾನ್ (ನಿಗದಿತ ಸಮಯಕ್ಕೆ ಕಮಾಂಡ್ ಓಡಿಸುವ ವ್ಯವಸ್ಥೆ) ಸಾಲೇ ಆಗಿರುತ್ತದೆ. ಎರಡು ಗಂಟೆಗಿಂತ ಹಳೆಯ ಫೈಲುಗಳನ್ನು ಅಳಿಸಲಿ ಎಂದು ಫೈಂಡ್ ಕಮಾಂಡ್‌ಗೆ ‘-ಎಂಮಿನ್ +120’ ಮತ್ತು ‘-ಡಿಲೀಟ್’ ಎಂದು ಕೊಟ್ಟಿರುತ್ತಾರೆ. ಅಂಗಡಿಯವರು ಹಿಂದಿನ ದಿನದ ತೂಕದ ಚೀಟಿಗಳ ಫೋಟೊಗಳನ್ನು ಜಿಪ್ ಮಾಡಿ ಬೆಳಿಗ್ಗೆ ಕಳುಹಿಸುತ್ತಾರೆ. ಸರ್ವರ್ ಅದನ್ನು ಬಿಚ್ಚುತ್ತದೆ. ಅನ್‌ಜಿಪ್ ಪ್ರತಿ ಫೈಲಿಗೂ ಜಿಪ್‌ನಲ್ಲಿ ದಾಖಲಾಗಿದ್ದ ಹಳೆಯ ಮಾರ್ಪಾಡು ಸಮಯವನ್ನೇ ಕೊಡುತ್ತದೆ. ಅಂದರೆ ಈ ಕ್ಷಣ ಡಿಸ್ಕಿಗೆ ಬಂದ ಫೋಟೊ ಕ್ರಾನ್‌ನ ಕಣ್ಣಿಗೆ ನಿನ್ನೆಯದು, ಅಳಿಸಲು ಯೋಗ್ಯವಾದದ್ದು. ಕ್ರಾನ್ ಓಡುವ ಕ್ಷಣಕ್ಕೆ ಸರಿಯಾಗಿ ಬಂದ ಅಪ್‌ಲೋಡ್‌ಗಳು ಮಾತ್ರ ಹಾಳಾಗುವುದರಿಂದ ದೋಷ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ‘-ಎಂಮಿನ್’ ಬದಲು ‘-ಸಿಮಿನ್’ ಬಳಸಿದರೆ ಇದು ತಪ್ಪುತ್ತದೆ. ಐನೋಡ್ ಬದಲಾದ ಆ ಸಮಯವನ್ನು ಅನ್‌ಜಿಪ್ ಹಿಂದಕ್ಕೆ ತಿರುಗಿಸಲಾರದು. ಇದೇ ಜಾಗದಲ್ಲಿ ದಿನಗಳ ಲೆಕ್ಕದ ಬಗ್ಗೆಯೂ ಎಚ್ಚರವಿರಲಿ: ‘-ಎಂಟೈಮ್ +1’ ಎಂದರೆ ಒಂದು ದಿನ ಮೀರಿದ್ದಲ್ಲ, ಕನಿಷ್ಠ ಎರಡು ದಿನ ತುಂಬಿದ್ದು, ಏಕೆಂದರೆ ಫೈಂಡ್ ದಿನದ ಭಿನ್ನಾಂಶವನ್ನು ಬಿಟ್ಟುಬಿಡುತ್ತದೆ.

ಎರಡನೆಯ ಕಾರಣ ‘ಪ್ರೈವೇಟ್ ಟಿಎಂಪಿ’ ಎಂಬ ಸಿಸ್ಟಂಡಿ ಸೆಟ್ಟಿಂಗ್. ಹಲವು ಲಿನಕ್ಸ್ ವಿತರಣೆಗಳಲ್ಲಿ ಅಪಾಚೆ ವೆಬ್ ಸರ್ವರ್‌ನ ಸರ್ವಿಸ್ ಇದರೊಂದಿಗೇ ಬರುತ್ತದೆ. ಆಗ ಅಪಾಚೆಗೆ ಕಾಣುವ ‘/ಟಿಎಂಪಿ’ ನಮಗೆ ಟರ್ಮಿನಲ್‌ನಲ್ಲಿ ಕಾಣುವ ‘/ಟಿಎಂಪಿ’ ಅಲ್ಲ; ಅದು ‘ಸಿಸ್ಟಂಡಿ-ಪ್ರೈವೇಟ್-’ ಎಂದು ಆರಂಭವಾಗುವ ಡೈರೆಕ್ಟರಿಯ ಒಳಗಿರುತ್ತದೆ. ವೆಬ್ ಕೋಡ್ ಬರೆದ ಫೈಲು ಕ್ರಾನ್ ಕೆಲಸಕ್ಕೆ ಸಿಗುತ್ತಿಲ್ಲ, ಆದರೆ ದೋಷವೇನೂ ಇಲ್ಲ ಎಂಬ ದೂರಿಗೆ ಇದೇ ಉತ್ತರ. ಸರ್ವಿಸ್ ನಿಲ್ಲಿಸಿದಾಗ ಆ ಡೈರೆಕ್ಟರಿಯೂ ಅಳಿಯುತ್ತದೆ. ಸೆಟ್ಟಿಂಗ್ ಅನ್ನು ತೆಗೆಯುವುದು ಸುಲಭ, ಆದರೆ ಅದು ಸುರಕ್ಷತೆಗಾಗಿ ಇರುವುದು. ಎರಡು ಪ್ರೊಸೆಸ್‌ಗಳು ಹಂಚಿಕೊಳ್ಳಬೇಕಾದ ಫೈಲನ್ನು ‘/ಟಿಎಂಪಿ’ಯಲ್ಲಿ ಇಡದಿರುವುದೇ ಸರಿಯಾದ ಕ್ರಮ.

ಪೈಥಾನ್‌ನಲ್ಲಿ ಮೂರನೆಯದೊಂದಿದೆ. ಒಂದು ಫಂಕ್ಷನ್ ಒಳಗೆ ‘ನೇಮ್ಡ್ ಟೆಂಪರರಿ ಫೈಲ್’ ಸೃಷ್ಟಿಸಿ ಅದರ ಹೆಸರನ್ನಷ್ಟೇ ಹಿಂದಿರುಗಿಸಿದರೆ, ಆ ವಸ್ತುವನ್ನು ಹಿಡಿದಿರುವವರು ಯಾರೂ ಇಲ್ಲದಂತಾಗಿ ಅದು ಮುಚ್ಚಿಹೋಗುತ್ತದೆ, ಮುಚ್ಚಿದೊಡನೆ ಫೈಲು ಅಳಿಯುತ್ತದೆ. ಕರೆದವರ ಕೈಯಲ್ಲಿ ಇಲ್ಲದ ಫೈಲಿನ ಹೆಸರು ಉಳಿಯುತ್ತದೆ. ರಿಕ್ವೆಸ್ಟ್‌ಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದೆ ಎರಡು ಯಂತ್ರಗಳಿದ್ದರೆ, ಅಪ್‌ಲೋಡ್ ಒಂದಕ್ಕೂ ಮುಂದಿನ ಹಂತ ಇನ್ನೊಂದಕ್ಕೂ ಹೋಗುವ ಸಾಧ್ಯತೆಯನ್ನೂ ನೋಡಬೇಕು.

ಸ್ಥಳಾಂತರ ಮತ್ತು ಮೆಮೊರಿ

2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಿಂದ ‘/ಟಿಎಂಪಿ’ ಡಿಸ್ಕಿನ ಬದಲು ಮೆಮೊರಿಯಲ್ಲಿರುವುದೇ ಸಾಮಾನ್ಯ ಸೆಟ್ಟಿಂಗ್ ಆಗಿದೆ. ಫೆಡೋರಾದಲ್ಲಿ 2013ರಲ್ಲಿ ಬಂದ 18ನೇ ಆವೃತ್ತಿಯಿಂದಲೇ ಹೀಗಿದೆ. ಇದರ ಗಾತ್ರ ಮೆಮೊರಿಯ ಅರ್ಧದಷ್ಟು. 4 ಜಿಬಿ ಮೆಮೊರಿಯ ಬಾಡಿಗೆ ಸರ್ವರ್‌ನಲ್ಲಿ 2 ಜಿಬಿ ಮೀರುವ ಜಿಪ್ ಅಲ್ಲಿ ಹಿಡಿಸುವುದಿಲ್ಲ, ಮತ್ತು ಹಿಡಿಸಿದಷ್ಟೂ ಅಪ್ಲಿಕೇಷನ್‌ನ ಮೆಮೊರಿಯಿಂದಲೇ ಹೋಗುತ್ತದೆ. ದೊಡ್ಡ ಫೈಲುಗಳಿಗೆ ‘/ವಾರ್/ಟಿಎಂಪಿ’ ಅಥವಾ ಅಪ್ಲಿಕೇಷನ್‌ನದೇ ಡೈರೆಕ್ಟರಿ ಸೂಕ್ತ.

ಇದೇ ಬದಲಾವಣೆಯಿಂದ ಇನ್ನೊಂದು ದೋಷವೂ ಹೊರಬರುತ್ತದೆ. ‘/ಟಿಎಂಪಿ’ಯಲ್ಲಿ ಬರೆದು ಮುಗಿಸಿದ ಫೈಲನ್ನು ‘ರಿನೇಮ್’ ಮೂಲಕ ಅಂತಿಮ ಜಾಗಕ್ಕೆ ಸರಿಸುವ ಕೋಡ್, ಎರಡೂ ಒಂದೇ ಪಾರ್ಟಿಷನ್‌ನಲ್ಲಿ ಇರುವವರೆಗೆ ಸರಿಯಾಗಿ ನಡೆಯುತ್ತದೆ. ಬೇರೆಯಾದ ದಿನ ‘ಇನ್‌ವ್ಯಾಲಿಡ್ ಕ್ರಾಸ್-ಡಿವೈಸ್ ಲಿಂಕ್’, ಅಂದರೆ ದೋಷ ಸಂಖ್ಯೆ 18, ಬರುತ್ತದೆ. ಪೈಥಾನ್‌ನ ‘ಶಟಿಲ್ ಮೂವ್’ನಂಥವು ದೋಷ ತೋರಿಸದೆ ನಕಲು ಮಾಡಿ ಮೂಲವನ್ನು ಅಳಿಸುತ್ತವೆ, ಆದರೆ ನಕಲು ನಡೆಯುತ್ತಿರುವಾಗ ಓದಿದವರಿಗೆ ಅರ್ಧ ಪಿಡಿಎಫ್ ಸಿಗುತ್ತದೆ. ಅಂತಿಮ ಫೈಲು ಎಲ್ಲಿರಬೇಕೋ ಅದೇ ಡೈರೆಕ್ಟರಿಯಲ್ಲಿ ಚುಕ್ಕೆಯಿಂದ ಆರಂಭವಾಗುವ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಬರೆದದ್ದು ಸಫಲವಾಯಿತೇ ಎಂದು ನೋಡಿ, ಆಮೇಲೆ ರಿನೇಮ್ ಮಾಡಬೇಕು. ಶೂನ್ಯ ಬೈಟಿನ ಪಿಡಿಎಫ್‌ಗಳ ದೂರೂ ಇದರಿಂದ ನಿಲ್ಲುತ್ತದೆ.

ಒಬ್ಬರ ಪಟ್ಟಿ ಇನ್ನೊಬ್ಬರಿಗೆ

ಈ ದೂರಿನ ಮೂಲ ಬಹುಮಟ್ಟಿಗೆ ಊಹಿಸಬಲ್ಲ ಹೆಸರು: ‘/ಟಿಎಂಪಿ/ಪಟ್ಟಿ.ಪಿಡಿಎಫ್’, ಅಥವಾ ಸೆಕೆಂಡಿನ ಲೆಕ್ಕದ ಸಮಯ ಸೇರಿಸಿದ ಹೆಸರು. ಒಂದೇ ಸೆಕೆಂಡಿನಲ್ಲಿ ಎರಡು ಅಂಗಡಿಗಳು ಗುಂಡಿ ಒತ್ತಿದರೆ ಎರಡನೆಯದು ಮೊದಲನೆಯದರ ಮೇಲೆ ಬರೆಯುತ್ತದೆ. ಫೈಲು ಇದೆಯೇ ಎಂದು ಮೊದಲು ಪರೀಕ್ಷಿಸಿ ಆಮೇಲೆ ಸೃಷ್ಟಿಸಿದರೂ ಪ್ರಯೋಜನವಿಲ್ಲ. ಪರೀಕ್ಷೆಗೂ ಸೃಷ್ಟಿಗೂ ನಡುವಿನ ಅಂತರದಲ್ಲಿ ಇನ್ನೊಬ್ಬರು ನುಸುಳಬಹುದು. ಎಂಕೆಎಸ್‌ಟೆಂಪ್ ಬಗೆಯ ಫಂಕ್ಷನ್‌ಗಳು ಹೆಸರು ಮೊದಲೇ ಇದ್ದರೆ ಸೋಲುವ ಷರತ್ತಿನೊಂದಿಗೆ, 0600 ಅನುಮತಿಯಲ್ಲಿ, ಒಂದೇ ಹೆಜ್ಜೆಯಲ್ಲಿ ಫೈಲು ಸೃಷ್ಟಿಸುತ್ತವೆ. ರೈತರ ಹೆಸರು, ಬ್ಯಾಂಕ್ ಖಾತೆ, ಮೊತ್ತ ಇರುವ ಕಾಗದ ಎಲ್ಲರೂ ಓದಬಲ್ಲ 0644 ಅನುಮತಿಯಲ್ಲಿ ಹಂಚಿಕೆಯ ಡೈರೆಕ್ಟರಿಯಲ್ಲಿ ಬಿದ್ದಿರುವುದು ಅದಷ್ಟಕ್ಕೇ ಒಂದು ದೋಷ.

ಗುಡಿಸುವ ವ್ಯವಸ್ಥೆ ಮತ್ತು ಪರೀಕ್ಷೆ

ಕೋಡ್ ಎಷ್ಟೇ ಸರಿಯಿದ್ದರೂ ಸಿಗ್‌ಕಿಲ್‌ನಿಂದ ಉಳಿದದ್ದನ್ನು ಹೊರಗಿನವರೇ ತೆಗೆಯಬೇಕು. ಸಿಸ್ಟಂಡಿ ಇರುವ ಸರ್ವರ್‌ನಲ್ಲಿ ಕ್ರಾನ್‌ಗಿಂತ ‘ಸಿಸ್ಟಂಡಿ-ಟಿಎಂಪಿಫೈಲ್ಸ್’ ಮೇಲು. ಅದರ ಮೂಲ ನಿಯಮದಲ್ಲಿ ‘/ಟಿಎಂಪಿ’ಗೆ 10 ದಿನ, ‘/ವಾರ್/ಟಿಎಂಪಿ’ಗೆ 30 ದಿನ; ಯಂತ್ರ ಆರಂಭವಾದ 15 ನಿಮಿಷಕ್ಕೆ ಒಮ್ಮೆ, ಆಮೇಲೆ ದಿನಕ್ಕೊಮ್ಮೆ ಅದು ಓಡುತ್ತದೆ. ಅಪ್ಲಿಕೇಷನ್‌ನ ಸ್ವಂತ ಡೈರೆಕ್ಟರಿಗೆ ‘/ಇಟಿಸಿ/ಟಿಎಂಪಿಫೈಲ್ಸ್.ಡಿ’ಯಲ್ಲಿ ಒಂದು ಸಾಲು ಬರೆದು ಎರಡು ದಿನದ ಅವಧಿ ಕೊಟ್ಟರೆ ಸಾಕು. ಅದು ಓದಿದ, ಮಾರ್ಪಡಿಸಿದ, ಐನೋಡ್ ಬದಲಾದ ಮೂರೂ ಸಮಯಗಳನ್ನು ನೋಡುವುದರಿಂದ ಜಿಪ್‌ನ ಹಳೆಯ ದಿನಾಂಕಕ್ಕೆ ಮೋಸಹೋಗುವುದಿಲ್ಲ. ಹೆಚ್ಚು ಹೊತ್ತು ಬೇಕಾಗುವ ಡೈರೆಕ್ಟರಿಯ ಮೇಲೆ ‘ಎಫ್‌ಲಾಕ್’ ಎಂಬ ಬೀಗ ಹಿಡಿದಿಟ್ಟರೆ ಅದನ್ನು ಮುಟ್ಟುವುದೂ ಇಲ್ಲ.

ಈಗಾಗಲೇ ಸೇರಿರುವ ಲಕ್ಷಾಂತರ ಫೈಲುಗಳನ್ನು ‘ಆರ್‌ಎಂ’ ಮತ್ತು ನಕ್ಷತ್ರ ಚಿಹ್ನೆಯಿಂದ ಅಳಿಸಲು ಹೋದರೆ ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಎಂದು ನಿರಾಕರಣೆ ಬರುತ್ತದೆ. ಫೈಂಡ್ ಕಮಾಂಡ್‌ಗೆ ಡೈರೆಕ್ಟರಿಯ ಪೂರ್ಣ ಹಾದಿ, ಬೇರೆ ಪಾರ್ಟಿಷನ್‌ಗೆ ದಾಟದಂತೆ ತಡೆಯುವ ‘-ಎಕ್ಸ್‌ಡೆವ್’, ಹೆಸರಿನ ಪೂರ್ವಪದ, ಗಾತ್ರ ಶೂನ್ಯ ಎಂಬ ಷರತ್ತು, ಇವನ್ನು ಕೊಟ್ಟು ಮೊದಲು ಪಟ್ಟಿಯನ್ನಷ್ಟೇ ಮುದ್ರಿಸಿ ನೋಡಿ, ಆಮೇಲೆ ‘-ಡಿಲೀಟ್’ ಸೇರಿಸಬೇಕು. ‘-ಡಿಲೀಟ್’ ಕೊನೆಯಲ್ಲೇ ಇರಬೇಕು. ಷರತ್ತುಗಳಿಗಿಂತ ಮುಂದೆ ಬಂದರೆ ಅದು ಷರತ್ತುಗಳನ್ನು ನೋಡುವ ಮೊದಲೇ ಅಳಿಸತೊಡಗುತ್ತದೆ.

ತಿದ್ದಿದ ಕೋಡನ್ನು ಒಪ್ಪುವ ಮುನ್ನ ಪರೀಕ್ಷಾ ಸರ್ವರ್‌ನಲ್ಲಿ ತಾತ್ಕಾಲಿಕ ಡೈರೆಕ್ಟರಿಯ ಫೈಲುಗಳನ್ನು ಎಣಿಸಿಟ್ಟುಕೊಂಡು, ಒಂದಷ್ಟು ತಕ್‌ಪಟ್ಟಿಗಳನ್ನು ಯಶಸ್ವಿಯಾಗಿ, ಒಂದಷ್ಟನ್ನು ಕೆಟ್ಟ ಫೋಟೊದೊಂದಿಗೆ, ಒಂದಷ್ಟನ್ನು ಬ್ರೌಸರ್ ನಡುವೆಯೇ ಮುಚ್ಚಿ ಓಡಿಸಬೇಕು. ಮತ್ತೆ ಎಣಿಸಿದಾಗ ಸಂಖ್ಯೆ ಬದಲಾಗಿರಬಾರದು. ನಂತರ ಪಿಡಿಎಫ್ ತಯಾರಾಗುತ್ತಿರುವಾಗಲೇ ವರ್ಕರ್‌ಗೆ 9ನೇ ಸಂಕೇತ ಕಳುಹಿಸಿ, ಉಳಿದ ಡೈರೆಕ್ಟರಿಯನ್ನು ಟಿಎಂಪಿಫೈಲ್ಸ್ ನಿಯಮ ಅವಧಿ ಮೀರಿದ ಮೇಲೆ ತೆಗೆಯುತ್ತದೆಯೇ ಎಂದು ನೋಡಬೇಕು. ಎಚ್ಚರಿಕೆ ವ್ಯವಸ್ಥೆಯಲ್ಲಿ ಬೈಟುಗಳ ಜೊತೆಗೆ ಐನೋಡ್ ಬಳಕೆಗೂ ಒಂದು ಮಿತಿ ಹಾಕಿ, 80 ಪ್ರತಿಶತ ದಾಟಿದರೆ ಸಂದೇಶ ಬರುವಂತೆ ಮಾಡಿದರೆ, ಇದೇ ಬಗೆಯ ಇನ್ನೊಂದು ಫೈಲು ಬೇರೆಲ್ಲಾದರೂ ಉಳಿಯುತ್ತಿದ್ದರೂ ಬೇಸಿಗೆ ಬೆಳೆಯ ಆವಕಕ್ಕೆ ಮುನ್ನವೇ ತಿಳಿಯುತ್ತದೆ.